ಭಾರತ ರತ್ನದ ಪ್ರತಿಕೃತಿ: ಕಂಚನ್ನೂ ಬೆಳ್ಳಿಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ ಬಣ್ಣ ಏರಿಸಿದ ನನ್ನ ಅನುಭವ

ಕಂಚಿನ ಎಲೆಗೆ ಬೆಳ್ಳಿಯ ಸೂರ್ಯ, ಬೆಳ್ಳಿಯ ಅಂಚು ಬೆಸೆದು, ಆಮೇಲೆ ಇಡೀ ಪದಕವನ್ನು ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಲ್ಲಿ ಕುದಿಸಿದರೆ ಕಂಚು ಮಾತ್ರ ಕಂದಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಮಾತನ್ನು ವಿರಾಜಪೇಟೆಯ ಅಕ್ಕಸಾಲಿಗಳೂ ಒಪ್ಪಲಿಲ್ಲ, ಮೈಸೂರಿನ ಪ್ಲೇಟಿಂಗ್ ಅಂಗಡಿಯವರೂ ಒಪ್ಪಲಿಲ್ಲ. "ಬೆಳ್ಳಿ ಕಪ್ಪಾಗುತ್ತೆ, ಲ್ಯಾಕರ್ ಬಳಿದು ಮುಚ್ಚದೆ ಆಗೋ ಕೆಲಸ ಅಲ್ಲ" ಅಂದರು. ಆಗಿದೆ. ಕೊಡಗಿನ ಮಳೆಗಾಲವನ್ನೂ ದಾಟಿ ಬಣ್ಣ ನಿಂತಿದೆ. ಎರಕ, ಬೆಸುಗೆ ಗೊತ್ತಿರುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ, ಹಾಗಾಗಿ ಬುಡದಿಂದ ಹೇಳುವುದಿಲ್ಲ.

ಮೊದಲು ಅಳತೆ. ಹೆಚ್ಚಿನ ಪ್ರತಿಕೃತಿಗಳು ಕೆಡುವುದೇ ಇಲ್ಲಿ. ಭಾರತ ರತ್ನ ಸ್ಥಾಪನೆಯಾದದ್ದು 1954ರ ಜನವರಿ 2ರಂದು. ಆಗ ಗೊತ್ತುಮಾಡಿದ್ದು ಸುಮಾರು 35 ಮಿ.ಮೀ. ಅಡ್ಡಗಲದ ದುಂಡನೆಯ ಚಿನ್ನದ ಪದಕ. ಮರುವರ್ಷವೇ ವಿನ್ಯಾಸ ಬದಲಾಗಿ ಅರಳಿ ಎಲೆಯ ಆಕಾರ ಬಂತು: ಉದ್ದ 59, ಅಗಲ 48, ದಪ್ಪ 3.2 ಮಿ.ಮೀ. ಆಸುಪಾಸು. ಮೈ ಬಣ್ಣ ಏರಿಸಿದ ಕಂಚಿನದು, ಅಂಚು ಪ್ಲಾಟಿನಮ್, ಮುಂಬದಿಯ ಸೂರ್ಯನೂ ಪ್ಲಾಟಿನಮ್; ಪ್ರತಿಕೃತಿಯಲ್ಲಿ ಅದರ ಬದಲು ಬೆಳ್ಳಿ. ಸೂರ್ಯಬಿಂಬ 16 ಮಿ.ಮೀ. ಅಡ್ಡಗಲ. ಕಿರಣಗಳು ನಡುವಿನಿಂದ 13 ಮಿ.ಮೀ.ನಿಂದ 21 ಮಿ.ಮೀ.ವರೆಗೆ ಚಾಚುತ್ತವೆ, ಎಲ್ಲ ಒಂದೇ ಉದ್ದ ಅಲ್ಲ. ಕೆಳಗೆ ದೇವನಾಗರಿಯಲ್ಲಿ ಭಾರತ ರತ್ನ ಎಂಬ ಉಬ್ಬು ಅಕ್ಷರ. ಶಾಲೆಗಳವರು ಪ್ರದರ್ಶನಕ್ಕೆ ಕೇಳುವುದು ಸಾಮಾನ್ಯವಾಗಿ ವಿಶ್ವೇಶ್ವರಯ್ಯ (1955), ಭೀಮಸೇನ ಜೋಶಿ, ಸಿ.ಎನ್.ಆರ್. ರಾವ್ ಅವರ ಪದಕ. ಮೂರಕ್ಕೂ ಎಲೆಯ ಆಕಾರವೇ ಸರಿ. ದುಂಡು ಚಿತ್ರ ತಂದು ಕೊಟ್ಟವರಿಗೆ ಅದನ್ನು ಒಪ್ಪಿಸುವುದೇ ಒಂದು ಕೆಲಸ.

ಹಿಂಬದಿಯ ವಿಚಾರದಲ್ಲಿ ನನ್ನದು ಕಟ್ಟುನಿಟ್ಟು. ಅಸಲಿನಲ್ಲಿ ಅಲ್ಲಿ ರಾಜಲಾಂಛನವೂ ಸತ್ಯಮೇವ ಜಯತೇ ಎಂಬ ಬರಹವೂ ಇವೆ. ನಾನು ಅದನ್ನು ಮಾಡುವುದಿಲ್ಲ. 2005ರ ರಾಜಲಾಂಛನ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಲಾಂಛನ ಬಳಸಿದರೆ ಎರಡು ವರ್ಷದವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆ ಇಲ್ಲದಿದ್ದರೂ ಮಾಡುತ್ತಿರಲಿಲ್ಲ. ಹಿಂಬದಿ ಸಪಾಟು, ಅದರಲ್ಲಿ "ಪ್ರತಿಕೃತಿ" ಎಂಬ ಪದ ಮತ್ತು ಮಾಡಿದ ವರ್ಷ. ಇದನ್ನು ಮೇಣದಲ್ಲೇ ಅರ್ಧ ಮಿ.ಮೀ. ಆಳಕ್ಕೆ ಕೆತ್ತಬೇಕು. ಆಮೇಲೆ ಗುದ್ದಿದ ಪಂಚ್ ಗುರುತನ್ನು ಅರ ಹಾಕಿ ಅಳಿಸಿಬಿಡಬಹುದು, ಎರಕದಲ್ಲೇ ಇಳಿದದ್ದನ್ನು ಅಳಿಸಲು ಹೋದರೆ ಪದಕವೇ ತೆಳ್ಳಗಾಗುತ್ತದೆ. ಗೌರವದ ವಸ್ತುವಿನ ನಕಲು ಮಾಡುವವನು ಇಷ್ಟಾದರೂ ಮಾಡಬೇಕು.

ಇನ್ನು ಕೆಲಸ. ಅಸಲು ಪದಕ ತಯಾರಾಗುವುದು ಕೋಲ್ಕತ್ತಾದ ಅಲಿಪುರ ಟಂಕಸಾಲೆಯಲ್ಲಿ, ಪ್ರೆಸ್‌ನಲ್ಲಿ ಡೈ (ಉಕ್ಕಿನ ಅಚ್ಚು) ಒತ್ತಿ. ಆ ಚೂಪು ಎರಕದಲ್ಲಿ ತಾನಾಗಿ ಬರುವುದಿಲ್ಲ. ಡೈ ಮಾಡಿಸಲು ಬೆಂಗಳೂರಿನಲ್ಲಿ ಕೇಳಿದರೆ ನಲವತ್ತು ಐವತ್ತು ಸಾವಿರದ ಮಾತು. ಹತ್ತಾರು ಪದಕಕ್ಕೆ ಅದು ಕಟ್ಟುವುದಿಲ್ಲ. ಆದ್ದರಿಂದ ಮೇಣದ ಎರಕ (ಮೇಣದ ಮಾದರಿಯ ಸುತ್ತ ಅಚ್ಚು ಕಟ್ಟಿ, ಮೇಣ ಸುಟ್ಟು, ಆ ಜಾಗಕ್ಕೆ ಲೋಹ ಸುರಿಯುವುದು), ಆಮೇಲೆ ಪದಕವನ್ನು ಅಲುಗದಂತೆ ಹಿಡಿಯುವ ಅರಗಿನ ಮೇಲಿಟ್ಟು ಉಳಿಯಿಂದ ತಿದ್ದುವುದು.

ಮೇಣಕ್ಕೆ ಜೇನುಮೇಣ 3 ಪಾಲು, ರಾಳ 1 ಪಾಲು, ಬೆರಳಲ್ಲಿ ಅದ್ದಿದಷ್ಟು ಕಡಲೆಕಾಯಿ ಎಣ್ಣೆ. ಇಲ್ಲಿ ಜೇನುಮೇಣಕ್ಕೆ ಬರವಿಲ್ಲ, ಆದರೆ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಹುಳದ ಕಾಲು ರೆಕ್ಕೆ ಉಳಿದರೆ ಅದೇ ಎರಕದಲ್ಲಿ ತೂತು. ಮೇಣ ಮತ್ತು ಕಂಚು ಎರಡೂ ಕುಗ್ಗುವುದರಿಂದ ಮೂಲ ಮಾದರಿಯನ್ನು ಶೇ. 3ರಷ್ಟು ದೊಡ್ಡದಾಗಿ, ಅಂದರೆ 61 ಮಿ.ಮೀ. ಉದ್ದ, 49.5 ಅಗಲಕ್ಕೆ ತೆಗೆಯುತ್ತೇನೆ. ಸೂರ್ಯ ಕೂರುವ ಜಾಗ ಅರ್ಧ ಮಿ.ಮೀ. ತಗ್ಗು ಇರಲಿ. ಅಕ್ಷರಗಳಲ್ಲಿ ಕಷ್ಟ ಕೊಡುವುದು ರತ್ನದ ತ್ನ ಒತ್ತಕ್ಷರ. ಒಳಸಂದು 0.4 ಮಿ.ಮೀ.ಗಿಂತ ಕಿರಿದಾದರೆ ಪ್ಲಾಸ್ಟರ್ ಅಲ್ಲಿ ಮುರಿದು ಅಕ್ಷರ ಕಂಚಿನಲ್ಲಿ ಮುಚ್ಚಿಹೋಗುತ್ತದೆ.

ಅಚ್ಚಿನ ಪುಡಿ (ಮೇಣದ ಸುತ್ತ ಸುರಿಯುವ ಪ್ಲಾಸ್ಟರ್) 100 ಗ್ರಾಂಗೆ ನೀರು 40 ಮಿ.ಲೀ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಲೆಕ್ಕ ನಂಬಬೇಡಿ. ತೆರೆದಿಟ್ಟ ಚೀಲ ಮಡಿಕೇರಿಯ ಹವೆಯಲ್ಲಿ ವಾರದೊಳಗೆ ತೇವ ಎಳೆದುಕೊಂಡು ಅರ್ಧ ಸತ್ತಿರುತ್ತದೆ. ಗಂಟು ಕಟ್ಟುತ್ತದೆ, ಒಮ್ಮೊಮ್ಮೆ ಕಲಸುವಾಗಲೇ ಬಿಗಿಯುತ್ತದೆ. ರಬ್ಬರ್ ವಾಷರ್ ಇರುವ ಡ್ರಮ್ಮಿನಲ್ಲಿ ಇಡಿ, ಐದು ಕೆ.ಜಿ.ಗಿಂತ ಹೆಚ್ಚು ಕೊಳ್ಳಬೇಡಿ. ಅಚ್ಚು ಸುಡುವುದು 730 ಡಿಗ್ರಿವರೆಗೆ, ಅಲ್ಲಿ ಎರಡು ಮೂರು ಗಂಟೆ, ಆಮೇಲೆ 500ರ ಹತ್ತಿರ ಇಳಿಸಿ ಎರಕ. ಮೇಣದ ಮಸಿ ಉಳಿದರೆ ಅದು ಪ್ಲಾಸ್ಟರಿನ ಜೊತೆ ಸೇರಿ ಗಂಧಕದ ಹೊಗೆ ಎಬ್ಬಿಸಿ ಪದಕದ ಮೈಯೆಲ್ಲ ಸೂಜಿತೂತು. ಕರೆಂಟಿನ ಕುಲುಮೆ ಮಳೆಗಾಲದಲ್ಲಿ ನಮಗೆ ಆಗದು. ಮರ ಬಿದ್ದು ಲೈನ್ ಹೋದರೆ ಅಚ್ಚು ಅರ್ಧಕ್ಕೆ ತಣಿದು ಬಿರುಕು ಬಿಡುತ್ತದೆ, ಮತ್ತೆ ಕಾಯಿಸಿದರೂ ಆ ಬಿರುಕು ರೆಕ್ಕೆಯಾಗಿ ಎರಕದಲ್ಲಿ ಇಳಿಯುತ್ತದೆ. ಗ್ಯಾಸ್ ಕುಲುಮೆಯೇ ಸರಿ. ಒಂದು ಸುಡುವಿಕೆಗೆ ಸಿಲಿಂಡರಿನ ಕಾಲು ಭಾಗ ಹೋಗುತ್ತದೆ, ಅದಕ್ಕೆ ಒಂದು ಪದಕ ಸುಡದೆ ಆರೇಳು ಸೇರಿಸಿ ಸುಡಿ.

ಕಂಚು ತಾಮ್ರ 91, ತವರ 9. ಪದಕ ಐವತ್ತು ಗ್ರಾಂ ಸುತ್ತಮುತ್ತ ತೂಗುತ್ತದೆ, ಲೋಹ ಹರಿಯುವ ಕಾಲುವೆ ಎಲ್ಲ ಸೇರಿ ನೂರು ಗ್ರಾಂ ಕರಗಿಸಿ. ತಾಮ್ರ ಮೊದಲು, ಮೇಲೆ ತೆಂಗಿನ ಚಿಪ್ಪಿನ ಇದ್ದಿಲು ಮುಚ್ಚಿ, ತವರ ಕೊನೆಯಲ್ಲಿ. 1,100 ಡಿಗ್ರಿಗೆ ಸುರಿಯುವುದು. ಹಳೇ ಪಂಪಿನ ಬುಷ್ ಕರಗಿಸಿದರೆ ಅಗ್ಗ ಅನ್ನುತ್ತಾರೆ. ಅದರಲ್ಲಿ ಸೀಸ ಇರುತ್ತದೆ, ಬಣ್ಣ ಏರುವಾಗ ಸೀಸದ ಕಣ ಇದ್ದಲ್ಲೆಲ್ಲ ಬೂದು ಚುಕ್ಕೆ ಏಳುತ್ತದೆ. ಗುಜರಿಯಲ್ಲಿ ಉಳಿಸಿದ ನೂರು ರೂಪಾಯಿಗೆ ಮೂರು ದಿನದ ಕೆಲಸ ಕೆಡುತ್ತದೆ.

ತಿದ್ದುವ ಅರಗಿಗೆ ರಾಳ, ಇಟ್ಟಿಗೆ ಪುಡಿ ಸಮಸಮ, ಸ್ವಲ್ಪ ಎಣ್ಣೆ. ಡಿಸೆಂಬರ್ ಚಳಿಯಲ್ಲಿ ಅದು ಗಾಜಿನಂತೆ ಸಿಡಿಯುವುದರಿಂದ ಎಣ್ಣೆ ಹೆಚ್ಚಿಸಿ. ಜೋಮಾಲೆ, ಕೊಕ್ಕೆತಾತಿಯಂಥ ಕೊಡವ ಒಡವೆ ಮಾಡುವ ಹಳೆಯ ಕೈಗಳಿಗೆ ಅರಗಿನ ಪಾಕ ಹೇಳಿಕೊಡಬೇಕಿಲ್ಲ.

ಬೆಳ್ಳಿ ಅಪ್ಪಟವೇ ಆಗಬೇಕು, ಒಡವೆ ಬೆಳ್ಳಿ ಬೇಡ. ಈ ವಿಧಾನದ ಪ್ರಾಣ ಇದು. ಸೂರ್ಯನನ್ನು 0.8 ಮಿ.ಮೀ. ತಗಡಿನಲ್ಲಿ ಗರಗಸದಿಂದ ಕೊಯ್ದು ನಡು ಮಾತ್ರ ಉಬ್ಬಿಸಿ. ಅಂಚಿಗೆ 3.5 ಮಿ.ಮೀ. ಅಗಲ, ಅರ್ಧ ಮಿ.ಮೀ. ದಪ್ಪದ ಪಟ್ಟಿ, ಎಲೆಯ ಸುತ್ತ ಬಾಗಿಸಿ, ಜೋಡಣೆ ತೊಟ್ಟಿನ ಹಿಂದೆ ಬರುವಂತೆ. ಒಟ್ಟು ಎಂಟೊಂಬತ್ತು ಗ್ರಾಂ ಹಿಡಿಯುತ್ತದೆ, ಹನ್ನೆರಡು ಕೊಳ್ಳಿ. ಬೇಗ ಕರಗುವ ಬೆಳ್ಳಿ ಬೆಸುಗೆಯನ್ನೇ ಬಳಸಿ. ತವರದ ಪಾಲು ಹೆಚ್ಚಿರುವ ಕಂಚು 850ರ ಹತ್ತಿರ ಬೆವರಲು (ಮೈ ಕರಗಲು) ಶುರು, ಬೆಸುಗೆ 700ಕ್ಕೆ ಹರಿಯಬೇಕು, ನಡುವಿನ ಸಮಯ ಕೆಲವೇ ಕ್ಷಣ. ಕೆಂಪಗಿರುವ ಕಂಚನ್ನು ಚಿಮಟದಿಂದ ಮುಟ್ಟಿದರೆ ತುಂಡಾಗುತ್ತದೆ, ತಾನೇ ತಣಿಯಲು ಬಿಡಿ. ಕಂಚಿನ ಮೇಲೆ ಹರಿದ ಬೆಸುಗೆಯನ್ನು ಆಗಲೇ ಕೆರೆದು ತೆಗೆಯಿರಿ. ಅದು ಬಣ್ಣ ಹಿಡಿಯುವುದಿಲ್ಲ, ಕೊನೆಗೆ ಬಿಳಿ ಗೆರೆಯಾಗಿ ಹಲ್ಲು ಕಿರಿಯುತ್ತದೆ.

ಈಗ ಬಣ್ಣ. ಒಂದು ಲೀಟರ್ ನೀರಿಗೆ ಮೈಲುತುತ್ತ 5-6 ಗ್ರಾಂ, ತಾಮ್ರದ ಜಂಗು (ಹಸಿರು ಕಿಲುಬು) ಅಷ್ಟೇ ತೂಕ. ಜಂಗು ಮನೆಯಲ್ಲೇ ಮಾಡಬಹುದು: ತಾಮ್ರದ ತಂತಿಯನ್ನು ವಿನಿಗರ್‌ನಲ್ಲಿ ಅರ್ಧ ಮುಳುಗಿಸಿ ಗಾಳಿಯಾಡುವಂತೆ ಮೂರು ವಾರ ಬಿಟ್ಟು, ನೀಲಿ ಹಸಿರು ನೀರನ್ನು ಬಸಿದು ನೆರಳಲ್ಲಿ ಒಣಗಿಸುವುದು. ಉಪ್ಪು ಹಾಕಬೇಡಿ. ಮೈಲುತುತ್ತ ಪ್ರತಿ ತೋಟದ ಸ್ಟೋರಿನಲ್ಲೂ ಬೋರ್ಡೋಗೆಂದು (ಮೈಲುತುತ್ತ, ಸುಣ್ಣ ಬೆರೆಸಿ ಗಿಡಕ್ಕೆ ಸಿಂಪಡಿಸುವ ದ್ರಾವಣ) ಇದ್ದೇ ಇದೆ, ಆದರೆ ನೇರ ಬಳಸಿದರೆ ಅದರಲ್ಲಿರುವ ಕಬ್ಬಿಣದ ಅಂಶದಿಂದ ಬಣ್ಣ ತುಕ್ಕಿನ ಕಡೆ ತಿರುಗುತ್ತದೆ. ಬಿಸಿ ನೀರಲ್ಲಿ ಕರಗಿಸಿ, ಸೋಸಿ, ತಣಿದಾಗ ಕಟ್ಟುವ ಹರಳನ್ನಷ್ಟೇ ತೆಗೆದುಕೊಳ್ಳಿ. ನೀರು ಮಳೆಯದೇ ಆಗಬೇಕು. ಮಳೆ ಒಂದು ಗಂಟೆ ಹೊಡೆದು ಮಾಡು ತೊಳೆದ ಮೇಲೆ ಹಿಡಿದದ್ದು. ಈ ಒಂದು ವಿಷಯದಲ್ಲಿ ಬೆಂಗಳೂರಿನವರಿಗಿಂತ ನಾವು ಮೇಲು. ಬೋರ್‌ವೆಲ್ ನೀರಲ್ಲಿ ಕುದಿಸಿದರೆ ಸುಣ್ಣದ ಮಚ್ಚೆ ಖಂಡಿತ.

ಪದಕವನ್ನು ನಿಂಬೆ ಉಪ್ಪಿನ ಬಿಸಿ ನೀರಲ್ಲಿ ನೆನೆಸಿ, ಪ್ಯೂಮಿಸ್ ಪುಡಿ ಮತ್ತು ಅಂಟುವಾಳದ ನೊರೆಯಲ್ಲಿ ಉಜ್ಜಿ. ನೀರು ಒಂದೇ ಹಾಳೆಯಾಗಿ ಮೈಮೇಲೆ ನಿಲ್ಲಬೇಕು, ಹನಿಹನಿಯಾಗಿ ಒಡೆದರೆ ಎಣ್ಣೆ ಉಳಿದಿದೆ ಎಂದರ್ಥ. ಅಲ್ಲಿಂದ ಮುಂದೆ ಬೆರಳು ತಾಗಬಾರದು. ತುರಿದ ಮೂಲಂಗಿಯನ್ನು ಎರಡೂ ಬದಿಗೆ ಮೆತ್ತಿ, ಒಣಗಲು ಬಿಡದೆ ಕುದಿಯುವ ನೀರಿಗೆ ಇಳಿಸಿ. ಬೆಳ್ಳಿಯೂ ಕಂಚೂ ಕೂಡಿದ ಕೆಲಸಕ್ಕೆ ಜಪಾನಿನ ಕುಶಲಕರ್ಮಿಗಳು ಶತಮಾನಗಳಿಂದ ಅನುಸರಿಸುತ್ತಿರುವ ಕ್ರಮ ಇದು. ಸಂತೆಯ ಮೂಲಂಗಿಯೇ ಸಾಕಾಗುತ್ತದೆ. ತಾಮ್ರದ ತಂತಿಯಲ್ಲಿ ತೂಗುಹಾಕಿ, ತಾಮ್ರದ ಅಥವಾ ಗಾಜಿನ ಪಾತ್ರೆಯಲ್ಲಿ, ಅಲುಗಿಸುತ್ತಾ ಅರ್ಧ ಗಂಟೆ. ಐದು ನಿಮಿಷಕ್ಕೆ ಕಿತ್ತಳೆ, ಹದಿನೈದಕ್ಕೆ ಇಟ್ಟಿಗೆ, ಇಪ್ಪತ್ತೈದು ದಾಟಿದರೆ ಹುರಿದ ಕಾಫಿಯ ನಸುಗಂದು. ಎತ್ತಿ ನೋಡುವಾಗ ಗಾಳಿಗೆ ಒಣಗಿದರೆ ಅಲ್ಲೇ ಗೆರೆ ಬೀಳುತ್ತದೆ, ಎತ್ತಿದೊಡನೆ ಮತ್ತೆ ಮುಳುಗಿಸಿ. ಕೊನೆಯ ಹತ್ತು ನಿಮಿಷದಲ್ಲಿ ಬಣ್ಣ ಆಳಕ್ಕೆ ಇಳಿಯಲು ನಾನು ಇನ್ನೊಂದು ಪದಾರ್ಥ ಚಿಟಿಕೆ ಹಾಕುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ಪದಕ ಚೆನ್ನಾಗಿಯೇ ಬರುತ್ತದೆ.

ಕಬ್ಬಿಣ ಮಾತ್ರ ಹತ್ತಿರ ಬರಬಾರದು. ಚಿಮಟ, ಸೂಜಿ, ಮೊಳೆ, ಚಕ್ಕೆ ಎದ್ದ ಎನಾಮಲ್ ಪಾತ್ರೆ, ಯಾವುದೇ ಆಗಲಿ, ಬೆಳ್ಳಿಗೆ ತಾಗಿಕೊಂಡ ಕ್ಷಣ ನೀರಿನ ತಾಮ್ರ ಬೆಳ್ಳಿಯ ಮೇಲೆ ಗುಲಾಬಿಯಾಗಿ ಕೂರುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲೂ ಇದೇ ಗತಿ, ಪಾತ್ರೆಯೂ ತೂತು. ಈ ವಿಧಾನ ಆಗದು ಎಂದವರ ಕುಲುಮೆಗಳಲ್ಲಿ ನಾನು ಕಂಡದ್ದು ಕಬ್ಬಿಣದ ಚಿಮಟವನ್ನೇ. ಒಡವೆ ಬೆಳ್ಳಿ ಹಾಕಿದರೆ ಅದರೊಳಗಿನ ತಾಮ್ರದಿಂದ ಅಂಚು ಮಂಕಾಗಿ ಬೂದಿಯಾಗುತ್ತದೆ, ಆಗ ದೋಷ ಮೈಲುತುತ್ತದ್ದು ಅನ್ನಿಸುತ್ತದೆ.

ತೊಳೆದು, ಒರೆಸದೆ, ಮರದ ಹೊಟ್ಟಿನಲ್ಲಿ ಒಣಗಿಸಿ, ಬೆಚ್ಚಗಿರುವಾಗಲೇ ಟರ್ಪೆಂಟೈನಿನಲ್ಲಿ ಕರಗಿಸಿದ ಜೇನುಮೇಣ ತೆಳ್ಳಗೆ ಸವರಿ. ಮರುದಿನ 1200 ನಂಬರ್ ಕಾಗದವನ್ನು ಗಾಜಿನ ಪಟ್ಟಿಗೆ ಅಂಟಿಸಿ ಅಕ್ಷರದ ನೆತ್ತಿಯಷ್ಟನ್ನೇ ಉಜ್ಜಿ, ಅಗೇಟ್ ಕಲ್ಲಿನಿಂದ ಹೊಳಪು ಕೊಡಿ. ಕಂದು ನೆಲ, ಹೊಳೆವ ಕಂಚಿನ ಅಕ್ಷರ, ಬಿಳಿ ಸೂರ್ಯ, ಮೂರೂ ಬೇರೆಬೇರೆ ಕಾಣುತ್ತವೆ. ಸತುವಿನ ಎರಕಕ್ಕೆ ಪ್ಲೇಟಿಂಗ್ ಮಾಡಿದ ಪದಕವನ್ನು ಪಕ್ಕದಲ್ಲಿಟ್ಟು ನೋಡಿದವರು ಯಾರೂ ಅದನ್ನು ಮತ್ತೆ ಕೇಳಿಲ್ಲ.

ಉಳಿದ ನೀರನ್ನು ತೋಡಿಗೆ ಚೆಲ್ಲಬೇಡಿ, ಮೀನು ಸಾಯುತ್ತದೆ. ನೀರು ತಿಳಿಯಾಗುವವರೆಗೆ ಸುಣ್ಣ ಬೆರೆಸಿದರೆ ತಾಮ್ರ ನೀಲಿ ಗಸಿಯಾಗಿ ಇಳಿಯುತ್ತದೆ. ಆ ಗಸಿ ಮುಂದಿನ ಬೋರ್ಡೋ ಡ್ರಮ್ಮಿಗೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಸುಣ್ಣ ಗಂಧಕದ ಪಾಕದಲ್ಲಿ ಕಂಚು ಚಂದ ಕಂದಾಗುತ್ತದೆ, ಬೆಳ್ಳಿ ಮಾತ್ರ ಇದ್ದಿಲು. ಬರೀ ಕಂಚಿನ ಕೆಲಸಕ್ಕೆ ಅದೇ ಸುಲಭ, ಆದರೆ ಬಯಲಲ್ಲೇ ಮಾಡಬೇಕು. ಕಾಚಂಪುಳಿಯನ್ನು (ಪಣಪುಳಿ ಹಣ್ಣಿನ ರಸ ಕುದಿಸಿ ಮಾಡುವ ಕಪ್ಪು ಹುಳಿ) ನೀರಿಗೆ ಬೆರೆಸಿ ಕಂಚು ತೊಳೆದರೆ ಹುಣಸೆಗಿಂತ ಬೇಗ ಹೊಳೆಯುತ್ತದೆ. ಅದರ ಬೆಲೆಗೆ ಅದನ್ನು ಹಂದಿಕರಿಗೇ ಬಿಡುವುದು ವಾಸಿ, ಕುದಿಸದ ಪಣಪುಳಿ ರಸವೂ ಅಷ್ಟೇ ಕೆಲಸ ಮಾಡುತ್ತದೆ.

ಪದ್ಮ ಪದಕಗಳ ಪ್ರತಿಕೃತಿಯನ್ನೂ ಕೊಡಗಿನಲ್ಲಿ ಕೇಳುತ್ತಾರೆ. ಅಸಲು ಬ್ಯಾಂಕ್ ಲಾಕರಿನಲ್ಲಿ, ಕೊಡವ ಕುಲದ ಹಿರಿಮನೆಯಾದ ಐನ್‌ಮನೆಯ ಗೋಡೆಗೆ ಪ್ರತಿಕೃತಿ. 44 ಮಿ.ಮೀ. ದುಂಡಾದ್ದರಿಂದ ಲೇತ್‌ನಲ್ಲೇ ಅಂಚು ತಿರುಗಿಸಬಹುದು, ಎಲೆಗಿಂತ ಸಲೀಸು. ಆದರೆ ವರ್ಷ ಕೇಳಿಕೊಳ್ಳಿ. 1954ರಲ್ಲಿ ಪದ್ಮ ಪ್ರಶಸ್ತಿಗೆ ಪಹಲಾ, ದೂಸ್ರಾ, ತೀಸ್ರಾ ವರ್ಗ ಎಂದಿತ್ತು. ಪದ್ಮಭೂಷಣ, ಪದ್ಮಶ್ರೀ ಎಂಬ ಹೆಸರು ಬಂದದ್ದು 1955ರ ಜನವರಿಯಲ್ಲಿ. ಜನರಲ್ ತಿಮ್ಮಯ್ಯನವರಿಗೆ ಪ್ರಶಸ್ತಿ ಬಂದದ್ದು 1954ರಲ್ಲಿ, ಹಾಕಿ ಆಟಗಾರ ಎಂ.ಪಿ. ಗಣೇಶ್ ಅವರಿಗೆ 2020ರಲ್ಲಿ, ಜನಪದ ನೃತ್ಯ ಕಲಾವಿದೆ ರಾಣಿ ಮಾಚಯ್ಯನವರಿಗೆ 2023ರಲ್ಲಿ. ಎಲ್ಲಕ್ಕೂ ಒಂದೇ ಅಚ್ಚು ಹಾಕುವುದು ತಪ್ಪು.

ಖರ್ಚು ಹೀಗೆ. ತಾಮ್ರ ನಾನು ಕೊಂಡಾಗ ಕೆ.ಜಿ.ಗೆ ಸಾವಿರದ ಹತ್ತಿರ, ತವರ ಮೂರು ಸಾವಿರ ದಾಟಿತ್ತು. ಆದರೂ ಒಂದು ಪದಕಕ್ಕೆ ಕಂಚು ಇನ್ನೂರರೊಳಗೆ. ಅಚ್ಚು, ಗ್ಯಾಸ್ ಸೇರಿ ಮುನ್ನೂರು ನಾನೂರು. ಕೈ ಕಚ್ಚುವುದು ಬೆಳ್ಳಿ, ಅದರ ದರ ದಿನಕ್ಕೊಂದು. ಅದಕ್ಕೆ ಬೆಳ್ಳಿಯ ದುಡ್ಡನ್ನು ಮುಂಗಡ ಪಡೆದೇ ಕೆಲಸ ಹಿಡಿಯುತ್ತೇನೆ, ಪುಡಿಯನ್ನೂ ತೂಕ ಹಾಕಿ ಹಿಂದಿರುಗಿಸುತ್ತೇನೆ. ಕೈಕೆಲಸ ಮೂರು ದಿನ. ಎಂಟು ಸಾವಿರಕ್ಕಿಂತ ಕಡಿಮೆ ಹೇಳಿದರೆ ನಷ್ಟ. ಸತುವಿನದು ಸಾವಿರಕ್ಕೆ ಸಿಗುತ್ತದೆ ಎನ್ನುವವರಿಗೆ ಅದನ್ನೇ ಕೊಳ್ಳಲು ಹೇಳಿ.

ಪೆಟ್ಟಿಗೆಗೆ ಹಸಿ ಮರ, ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಎರಡೂ ಬೇಡ, ಅವುಗಳ ಹುಳಿ ಹವೆ ಕಂಚಿಗೆ ಹಸಿರು ತರುತ್ತದೆ. ಉಣ್ಣೆಯ ಫೆಲ್ಟ್ ಹಾಸಿದರೆ ಅದರಲ್ಲಿರುವ ಗಂಧಕದಿಂದ ಸೂರ್ಯ ಹಳದಿಯಾಗಿ ಆಮೇಲೆ ಕಪ್ಪು. ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆ, ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಜೆಲ್ಲನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಇಡಬಹುದು. ಕುತ್ತಿಗೆಯ ರಿಬ್ಬನ್ 51 ಮಿ.ಮೀ. ಅಗಲದ ಅಚ್ಚ ಬಿಳಿ. ರೇಷ್ಮೆಯದು ನೋಡಲು ಚಂದ, ಆದರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದು ಹಳದಿ ಚುಕ್ಕೆ. ಪಾಲಿಯೆಸ್ಟರ್ ಗ್ರೋಗ್ರೇನ್ (ಗೆರೆಗೆರೆ ನೇಯ್ಗೆಯ ರಿಬ್ಬನ್) ಹಾಕಿ, ಪೆಟ್ಟಿಗೆಯಲ್ಲಿ ಇನ್ನೊಂದು ತುಂಡನ್ನೂ ಇಟ್ಟು ಕೊಡಿ.