ಟೋಕಿಯೊ–ಲಾಸ್ ಏಂಜಲೀಸ್: ದೂರ ಒಂದೇ, ಸಮಯ ಮಾತ್ರ ಬೇರೆ ಬೇರೆ

ವಿದೇಶ ಪ್ರಯಾಣದ ಪ್ಲ್ಯಾನ್ ಮಾಡಿಕೊಡುವುದು ನನ್ನ ಕೆಲಸ. ಎರಡು ಏರ್‌ಪೋರ್ಟ್‌ಗಳ ದೂರ ಎಷ್ಟು, ಹಾರೋದಕ್ಕೆ ಎಷ್ಟು ಹೊತ್ತು ಬೇಕು ಅಂತ ನಾನೇ ಒಮ್ಮೆ ಲೆಕ್ಕ ಹಾಕಿ ನೋಡುತ್ತೇನೆ. ಟಿಕೆಟ್‌ನಲ್ಲೇ ಸಮಯ ಇರುತ್ತದಲ್ವಾ? ಇರುತ್ತದೆ. ಆದರೆ ಅದು ಯಾಕೆ ಅಷ್ಟು ಅಂತ ತಿಳಿದಿದ್ದರೆ, ಮುಂದಿನ ವಿಮಾನಕ್ಕೆ ಎಷ್ಟು ಬಿಡುವು ಬೇಕು ಅಂತ ಧೈರ್ಯವಾಗಿ ಹೇಳಬಹುದು.

ಟೋಕಿಯೊದ ನರಿಟಾ ಮತ್ತು ಲಾಸ್ ಏಂಜಲೀಸ್ ಏರ್‌ಪೋರ್ಟ್ ತೆಗೆದುಕೊಳ್ಳಿ. ಒಂದು 35.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಇನ್ನೊಂದು 33.9ರಲ್ಲಿ. ಹೆಚ್ಚುಕಡಿಮೆ ಒಂದೇ ಸಾಲು. ಗೋಡೆಯ ನಕ್ಷೆ ನೋಡಿದರೆ ಸೀದಾ ಪೂರ್ವಕ್ಕೆ ಹೋದರೆ ಸಾಕು ಅನ್ನಿಸುತ್ತದೆ. ಹಾಗೆ ಹೋದರೆ 9,200 ಕಿ.ಮೀ. ದಾಟುತ್ತದೆ. ಗ್ಲೋಬ್ ಮೇಲೆ ಇವೆರಡರ ನಡುವೆ ದಾರ ಬಿಗಿಯಾಗಿ ಹಿಡಿದು ನೋಡಿ. ದಾರ ಮೇಲಕ್ಕೆ ಸರಿದು 47 ಡಿಗ್ರಿ ಅಕ್ಷಾಂಶವನ್ನೂ ದಾಟಿ ಇಳಿಯುತ್ತದೆ. ಆ ದಾರಿ ಸುಮಾರು 8,750 ಕಿ.ಮೀ. ಮಾತ್ರ! ನನಗೆ ಇಂದಿಗೂ ಇದು ಖುಷಿ ಕೊಡುವ ವಿಷಯ.

ಲೆಕ್ಕಕ್ಕೆ ನಾನು ಸ್ಪ್ರೆಡ್‌ಶೀಟ್‌ನಲ್ಲಿ ಹ್ಯಾವರ್‌ಸೈನ್ ಸೂತ್ರ ಬರೆದಿಟ್ಟಿದ್ದೇನೆ. ಎರಡೂ ಕಡೆಯ ಅಕ್ಷಾಂಶ, ರೇಖಾಂಶ ಹಾಕಿದರೆ ಭೂಮಿಯ ನಡುವಿನಿಂದ ನೋಡಿದಾಗ ಅವುಗಳ ಮಧ್ಯೆ ಇರುವ ಕೋನ ಸಿಗುತ್ತದೆ. ಇಲ್ಲಿ 78.7 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಅಂತ ಗುಣಿಸಿದರೆ ಮುಗಿಯಿತು.

ಸಮಯದ ಲೆಕ್ಕ ಇಷ್ಟು ಸುಲಭ ಅಲ್ಲ. ದೊಡ್ಡ ಜೆಟ್ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. ಅಂದರೆ 9 ಗಂಟೆ 45 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆ ಇರುತ್ತದೆ, ಅದಕ್ಕೆ ಅರ್ಧ ಗಂಟೆ ಸೇರಿಸುತ್ತೇನೆ. ಆಮೇಲೆ ಗಾಳಿ. ವಿಮಾನ ಹಾರುವ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಿ ಜಪಾನ್ ಸುತ್ತಮುತ್ತ ಅದರ ಜೋರು ಇನ್ನೂ ಜಾಸ್ತಿ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ವೇಗದ ಗಾಳಿ ಅಂತ ಇಟ್ಟುಕೊಳ್ಳಿ. ಹಿಂದಿನಿಂದ ತಳ್ಳಿದರೆ ಒಂಬತ್ತೂಕಾಲು ಗಂಟೆ, ಎದುರು ಬಂದರೆ ಹನ್ನೊಂದೂವರೆ ಹತ್ತಿರ. ಅದಕ್ಕೇ ಪಶ್ಚಿಮಕ್ಕೆ ಹೋಗುವ ವಿಮಾನಗಳು ಎಷ್ಟೋ ಸಲ ಆ ಗಾಳಿ ತಪ್ಪಿಸಲು ಇನ್ನೂ ಉತ್ತರಕ್ಕೆ ಸುತ್ತಿ ಹೋಗುತ್ತವೆ. ದೂರ ಜಾಸ್ತಿಯಾದರೂ ಬೇಗ ತಲುಪುತ್ತವೆ. ಟಿಕೆಟ್‌ನಲ್ಲಿರುವುದು ಗೇಟ್‌ನಿಂದ ಗೇಟ್‌ಗೆ ಆಗುವ ಸಮಯ, ಹಾಗಾಗಿ ನನ್ನ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ.

ಕೊನೆಗೆ ಗಡಿಯಾರ. ಚಳಿಗಾಲದಲ್ಲಿ ಟೋಕಿಯೊ 17 ಗಂಟೆ ಮುಂದೆ, ಬೇಸಿಗೆಯಲ್ಲಿ 16. ಚಳಿಗಾಲದ ಒಂದು ಸಂಜೆ 5ಕ್ಕೆ ಹೊರಟು 10 ಗಂಟೆ ಹಾರಿದರೆ, ಅದೇ ದಿನ ಬೆಳಿಗ್ಗೆ 10ಕ್ಕೆ ಲಾಸ್ ಏಂಜಲೀಸ್! ವಾಪಸ್ ಬರುವಾಗ ತಾರೀಖು ಒಂದು ದಿನ ಮುಂದಕ್ಕೆ ಹೋಗುತ್ತದೆ. ಹೋಟೆಲ್ ಬುಕ್ ಮಾಡುವ ಮುಂಚೆ ಆ ತಾರೀಖನ್ನು ಕಾಗದದ ಮೇಲೆ ಬರೆದು, ಪ್ರಯಾಣಿಕರಿಗೆ ತೋರಿಸಿಯೇ ಮುಂದುವರಿಯುತ್ತೇನೆ.