ದರ್ಸಿಗೆ ಬಂದ ಹುಡುಗನ ಜೊತೆ ಅವನ ಊರನ್ನೂ ಒಳಗೆ ಕರೆಯಿರಿ

ದಕ್ಷಿಣ ಕನ್ನಡದ ದರ್ಸ್ (ಮಸೀದಿಯಲ್ಲಿ ನಡೆಯುವ ಧಾರ್ಮಿಕ ಪಾಠ) ಮತ್ತು ದಅವಾ ಕಾಲೇಜುಗಳ (ಧರ್ಮಪಾಠದ ಜೊತೆ ಶಾಲಾಪಾಠವೂ ಇರುವ ಕಾಲೇಜು) ಹಾಸ್ಟೆಲಲ್ಲಿ ಕರಾವಳಿಯ ಬ್ಯಾರಿ ಮುಸ್ಲಿಮರ ಹುಡುಗರ ಜೊತೆ ಈಗ ರಾಯಚೂರು, ಕೊಪ್ಪಳ, ಹಾವೇರಿ ಕಡೆಯ ಮಕ್ಕಳೂ ಇರುತ್ತಾರೆ. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ ಮಾತಾಡಿ ಬೆಳೆದವರು. ಹನ್ನೆರಡು ವರ್ಷದ ಹುಡುಗ ರಾತ್ರಿಯಿಡೀ ಬಸ್ಸಲ್ಲಿ ಕೂತು ಬಂದು ಇಳಿದರೆ ಸುತ್ತ ಎಲ್ಲರದೂ ಬ್ಯಾರಿ ಭಾಷೆ, ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು. ಅವನು ರಾತ್ರಿ ಚಾದರದೊಳಗೆ ಅಳೋದು ಯಾರಿಗೂ ಕೇಳಿಸುವುದಿಲ್ಲ. ನೀವು ಪಾಠ ಹೇಳುವ ಉಸ್ತಾದರೋ ವಾರ್ಡನ್ನೋ ಆಗಿದ್ದರೆ ಇದನ್ನು ಪೂರ್ತಿ ಓದಿ.

ಅಡುಗೆಮನೆಯಿಂದಲೇ ಶುರು ಮಾಡಿ. ವಾರಕ್ಕೆ ಒಂದು ಹೊತ್ತಾದರೂ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇರಲಿ. ರೊಟ್ಟಿ ತಟ್ಟೋದು ಅಡುಗೆಯವರಿಗೆ ಗೊತ್ತಿಲ್ಲದಿದ್ದರೆ ಒಣ ಖಡಕ್ ರೊಟ್ಟಿ ತರಿಸಿಡಿ, ತಿಂಗಳಾದರೂ ಕೆಡುವುದಿಲ್ಲ. ಇನ್ನೊಂದು ಮಾತು, ಇದನ್ನು ತುಂಬಾ ಜನ ಮರೆಯುತ್ತಾರೆ: ಇಸ್ಲಾಮಿನ ಕರ್ಮಶಾಸ್ತ್ರದ ಪಂಥಗಳಲ್ಲಿ ಕರಾವಳಿಯವರು ಹೆಚ್ಚಾಗಿ ಶಾಫಿ, ಆ ಕಡೆಯವರು ಹೆಚ್ಚಾಗಿ ಹನಫಿ. ಹನಫಿಗಳಲ್ಲಿ ಮರುವಾಯಿಯಂಥ ಚಿಪ್ಪುಮೀನು ತಿನ್ನುವುದಿಲ್ಲ. ಹುಡುಗ ತಟ್ಟೆ ಪಕ್ಕಕ್ಕೆ ತಳ್ಳಿದರೆ ಅದು ಸೊಕ್ಕಲ್ಲ, ಮನೆಯಲ್ಲಿ ಕಲಿತದ್ದು. ಆ ದಿನ ಅವನಿಗೊಂದು ಮೊಟ್ಟೆ ಸಾಕು.

ನಮಾಜಿನಲ್ಲೂ ಹಾಗೇ. ಶಾಫಿಗಳು ಸುಬಹಿಯಲ್ಲಿ (ಬೆಳಗಿನ ನಮಾಜು) ಕುನೂತ್ ಎಂಬ ಪ್ರಾರ್ಥನೆ ಓದುತ್ತಾರೆ, ಹನಫಿಗಳು ಓದುವುದಿಲ್ಲ. ಸಂಜೆಯ ಮುಂಚಿನ ಅಸರ್ ನಮಾಜಿನ ಹೊತ್ತೂ ಹನಫಿಗಳಿಗೆ ತಡ. ಎರಡೂ ಸರಿ ಅನ್ನೋದನ್ನು ಮೊದಲ ದಿನವೇ, ಎಲ್ಲ ಮಕ್ಕಳ ಎದುರಿಗೆ, ಉಸ್ತಾದರ ಬಾಯಿಂದಲೇ ಹೇಳಿಸಿ. ಇಲ್ಲದಿದ್ದರೆ ಹುಡುಗರು ಅವನನ್ನು ತಿದ್ದಲು ಹೊರಡುತ್ತಾರೆ, ಅವನು ಮೂಲೆ ಸೇರುತ್ತಾನೆ.

ಇನ್ನು ಭಾಷೆ. ಇಂಡೋನೇಷ್ಯಾದ ಜಾವಾ ದ್ವೀಪದ ಪೆಸಾಂತ್ರೆನ್‌ಗಳೂ (ಅಲ್ಲಿನ ಧಾರ್ಮಿಕ ವಸತಿಶಾಲೆಗಳು) ನಮ್ಮ ಹಾಗೆ ಶಾಫಿ ಕಿತಾಬುಗಳನ್ನೇ ಓದಿಸುತ್ತವೆ. ಅಲ್ಲಿನ ಮಕ್ಕಳು ಅರಬಿ ಸಾಲಿನ ಕೆಳಗೆ ಒಂದೊಂದು ಪದಕ್ಕೂ ತಮ್ಮ ಜಾವಾ ಮಾತಿನ ಅರ್ಥವನ್ನು ಅರಬಿ ಲಿಪಿಯಲ್ಲೇ ಓರೆಯಾಗಿ ಬರೆದುಕೊಳ್ಳುತ್ತಾರೆ. ಆ ಲಿಪಿಗೆ ಪೆಗೊನ್ ಅಂತ ಹೆಸರು. ನಮಗೂ ಇದು ಹೊಸದೇನಲ್ಲ, ಅರಬಿ ಲಿಪಿಯಲ್ಲಿ ಬರೆಯುವ ಅರಬಿ-ಮಲಯಾಳ ಇದೆಯಲ್ವಾ, 1607ರ ಮುಹ್ಯಿದ್ದೀನ್ ಮಾಲೆ ಎಂಬ ಸ್ತುತಿಕಾವ್ಯ ಬರೆದದ್ದು ಅದರಲ್ಲೇ. ಹಾಗಾದರೆ ಹಾವೇರಿಯ ಹುಡುಗ ತನ್ನ ಕಿತಾಬಿನ ಅಂಚಲ್ಲಿ ಕನ್ನಡದಲ್ಲೋ ದಖನಿಯಲ್ಲೋ ಅರ್ಥ ಬರೆದುಕೊಂಡರೆ ಬೈಯಬೇಡಿ. ಬರೆಯೋಕೆ ನೀವೇ ಹೇಳಿ. ಬ್ಯಾರಿ ಹುಡುಗರೂ ಬ್ಯಾರಿಯಲ್ಲಿ ಬರೆಯಲಿ. ಪಾಠ ಮುಗಿದ ಮೇಲೆ ಒಂದೇ ಪದಕ್ಕೆ ಮೂರು ಭಾಷೆಯ ಅರ್ಥ ಹೇಳಿಸಿ ನೋಡಿ, ಯಾರಿಗೆ ನಿಜವಾಗಿ ಅರ್ಥವಾಗಿದೆ ಅಂತಲೂ ನಿಮಗೆ ಗೊತ್ತಾಗುತ್ತದೆ.

ಮಕ್ಕಳು ಭಾಷಣ, ಹಾಡು ಅಭ್ಯಾಸ ಮಾಡುವ ವಾರದ ಸಭೆ, ಸಮಾಜಂ, ನಿಮ್ಮಲ್ಲಿ ಇದ್ದೇ ಇರುತ್ತದೆ. ಅಲ್ಲಿ ಭಾಷಣ ಮಾತ್ರ ಬೇಡ. ಹಾವೇರಿ ಕಡೆಯವನು ಶಿಶುನಾಳ ಷರೀಫರ ಒಂದು ತತ್ವಪದ ಹಾಡಲಿ, ಷರೀಫರು ಅವನ ಜಿಲ್ಲೆಯವರೇ. ಕರಾವಳಿಯವನು ತನ್ನ ಅಜ್ಜಿ ಮದುವೆಮನೆಯಲ್ಲಿ ಹಾಡುತ್ತಿದ್ದ ಬ್ಯಾರಿ ಹಾಡನ್ನು ಕೇಳಿಕೊಂಡು ಬರಲಿ. ಮೊಹರಂ ಹಾಡಿನಂಥದ್ದು ಬಂದು ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಅವನನ್ನು ಆಮೇಲೆ ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿ. ಎಲ್ಲರ ಎದುರು ತಡೆದರೆ ಅವನು ಮತ್ತೆ ಎದ್ದು ನಿಲ್ಲುವುದಿಲ್ಲ.

ಪ್ರವಾದಿ ಜನ್ಮದಿನದ ಮೀಲಾದ್‌ಗೆ ದಫ್ (ಕೈಯಲ್ಲಿ ಹಿಡಿದು ಬಾರಿಸುವ ವಾದ್ಯ) ತಂಡ ಕಟ್ಟುವಾಗ ಹೊಸಬರನ್ನು ಮೊದಲು ಸೇರಿಸಿ. ಅದರ ಜೊತೆ ಹಾಡುವ ಬೈತ್ ಬಾಯಿಗೆ ಬರೋಕೆ ತಿಂಗಳು ಬೇಕು, ಕೈ ತಾಳ ವಾರದಲ್ಲಿ ಹಿಡಿಯುತ್ತದೆ. ಸಾಲಲ್ಲಿ ನಿಂತು ಹತ್ತು ಜನರ ಜೊತೆ ಒಟ್ಟಿಗೆ ಬಾಗಿ ಎದ್ದ ಹುಡುಗನಿಗೆ ಗೆಳೆಯರು ತಾವಾಗಿ ಸಿಗುತ್ತಾರೆ.

ಊಟವನ್ನು ದೊಡ್ಡ ಹರಿವಾಣದಲ್ಲಿ ನಾಲ್ಕೈದು ಜನ ಸೇರಿ ಮಾಡುವ ಪದ್ಧತಿ ನಿಮ್ಮಲ್ಲಿದ್ದರೆ ಗುಂಪುಗಳನ್ನು ತಿಂಗಳಿಗೊಮ್ಮೆ ಬದಲಿಸಿ, ಸುಮ್ನೆ ಬಿಟ್ಟರೆ ಊರವರು ಊರವರ ಜೊತೆಗೇ ಕೂರುತ್ತಾರೆ. ಜಮಾಅತಿನ (ಮಸೀದಿಗೆ ಸೇರಿದವರ) ಮನೆಗಳಿಗೆ ಮಕ್ಕಳನ್ನು ಊಟಕ್ಕೆ ಕಳಿಸುವ ರೂಢಿ ಇರುವ ಕಡೆ, ದೂರದ ಹುಡುಗನಿಗೆ ವರ್ಷಪೂರ್ತಿ ಒಂದೇ ಮನೆ ಕೊಡಿ. ಆ ಮನೆಯ ತಾಯಿಗೆ ಅವನ ಹೆಸರು, ಅವನಿಗೆ ಇಷ್ಟದ ತಿಂಡಿ ಗೊತ್ತಿರಲಿ. ಹಬ್ಬದ ದಿನ ಅವನು ಹೋಗಬೇಕಾದ್ದೂ ಅಲ್ಲಿಗೇ.

ಇವತ್ತೇ ಮಾಡಬಹುದಾದ್ದು ಒಂದಿದೆ. ನಿಮಗೆ ದಖನಿ ಬರದಿದ್ದರೂ ಎರಡು ಮಾತು ಕಲಿಯಿರಿ. ರಾತ್ರಿ ಅವನ ಹಾಸಿಗೆ ಪಕ್ಕ ನಿಂತು "ಖಾನಾ ಹುವಾ ಕ್ಯಾ?" (ಊಟ ಆಯ್ತಾ?) ಅಂತ ಕೇಳಿ. ಅವನು ಎದ್ದು ಕೂತು ಅವನ ಅಮ್ಮಿ ಮಾಡುವ ಅಡುಗೆಯ ಬಗ್ಗೆ ಹೇಳಲು ಶುರು ಮಾಡಿದರೆ, ಆ ರಾತ್ರಿ ಲೈಟ್ ಆರಿಸೋದು ಸ್ವಲ್ಪ ತಡವಾಗಲಿ.