ಬೆತ್ತ ಬಾಗಿಸಿ ಶಟಲ್ ಬ್ಯಾಟ್ ಮಾಡಿದ್ದು

ನಮ್ಮ ಬದಿಯಡ್ಕ ಕಡೆ ಮಳೆ ಬಿಟ್ಟು ಗದ್ದೆ ಕೊಯ್ಲು ಮುಗಿದರೆ ಸಾಕು, ಮಕ್ಕಳು ಶಟಲ್ ಆಡಲು ನೆಟ್ ಕಟ್ಟುತ್ತಾರೆ. ಅಂಗಡಿಯ ಕಡಿಮೆ ಬೆಲೆಯ ಕಬ್ಬಿಣದ ಬ್ಯಾಟ್ ಎರಡು ತಿಂಗಳು ಬಂದರೆ ಹೆಚ್ಚು. ತಲೆಯೂ ಕೋಲೂ ಸೇರುವಲ್ಲೇ ಮುರಿಯುತ್ತದೆ. ನಾನು ಮರದ ಕೆಲಸದವನಲ್ವಾ, ಮುರಿದದ್ದೆಲ್ಲ ನನ್ನ ಹತ್ತಿರ ಬರುತ್ತಿತ್ತು. ಏಳೆಂಟು ರಿಪೇರಿ ಮಾಡಿದ ಮೇಲೆ ಹೊಸದನ್ನೇ ಮಾಡೋಣ ಅನಿಸಿತು.

ಮೊದಲು ಹಲಸಿನ ಹಲಗೆಯಿಂದ ಆಕಾರ ಕೊಯ್ದೆ. ದಾರ ಬಿಗಿಯುವಾಗಲೇ ಸೀಳಿತು. ಮರದ ನಾರು ನೇರ ಓಡುತ್ತದೆ, ತಿರುವಿನಲ್ಲಿ ನಾರು ತುಂಡಾಗುತ್ತದೆ. ಅಲ್ಲಿ ಬಲವೇ ಇರುವುದಿಲ್ಲ. ನಾರೇ ಬಾಗಬೇಕಾದರೆ ಬೆತ್ತವೇ ಆಗಬೇಕು.

ಬಾಗಿಸುವುದು ಕಲಿಸಿದ್ದು ನೆರೆಮನೆಯ ಬುಟ್ಟಿ ಹೆಣೆಯುವ ಅಕ್ಕ. ಕಿರುಬೆರಳಿಗಿಂತ ಸಪೂರದ, ಐದೂವರೆ ಅಡಿಯ ಬೆತ್ತ. ಒಂದು ರಾತ್ರಿ ನೀರಲ್ಲಿ ನೆನೆಸಿ ಕೆಂಡದ ಮೇಲೆ ಮೆಲ್ಲಗೆ ಆಡಿಸಬೇಕು. ‘ಅವಸರ ಮಾಡ್ಬೇಡಿ ಅಣ್ಣಾ, ಬೆತ್ತ ಕಪ್ಪಾದ್ರೆ ಮುರೀತದೆ’ ಅಂತ ಅಕ್ಕ ಹತ್ತು ಸಲ ಹೇಳಿರಬೇಕು. ಹಲಗೆಗೆ ಗೂಟ ಹೊಡೆದು ಅಚ್ಚು ಮಾಡಿದ್ದೇನೆ. ನಿಯಮದ ಪ್ರಕಾರ ಬ್ಯಾಟ್ 680 ಮಿಲಿಮೀಟರ್ ಉದ್ದ, 230 ಅಗಲ ಮೀರಬಾರದು. ನಮ್ಮದು ಅದರೊಳಗೇ ಇದೆ. ಬೆತ್ತದ ಎರಡೂ ತುದಿ ಕೆಳಗೆ ಸೇರಿ ಅವೇ ಹಿಡಿಯಾಗುತ್ತವೆ. ನಡುವೆ ಅಡಿಕೆ ಮರದ ಸಲಾಕೆ ಇಟ್ಟು, ಅಂಟು ಹಾಕಿ, ದಾರ ಸುತ್ತುತ್ತೇವೆ. ತಲೆಗೂ ಕೋಲಿಗೂ ಬೇರೆ ಜೋಡಣೆಯೇ ಇಲ್ಲ. ನನಗೆ ಇದರಲ್ಲಿ ತುಂಬ ಹಿಡಿಸಿದ್ದೇ ಇದು. ಹಿಡಿಗೆ ಹಳೇ ಸೈಕಲ್ ಟ್ಯೂಬ್.

ನಾಲ್ಕು ದಿನ ನೆರಳಲ್ಲಿ ಒಣಗಿದ ಮೇಲೆ ಕಾಯಿಸಿದ ಕೊಡೆ ಕಡ್ಡಿಯಿಂದ ತೂತು. ಆಮೇಲೆ ದಾರ. ಒಂದು ಬ್ಯಾಟಿಗೆ ಗಾಳದ ನೈಲಾನ್ ದಾರ ಸುಮಾರು 10 ಮೀಟರ್ ಬೇಕು. ಉದ್ದದ ಎಳೆಗಳನ್ನು ನಡುವಿನಿಂದ ಶುರು ಮಾಡಿ ಎಡಕ್ಕೊಂದು, ಬಲಕ್ಕೊಂದು ಹಾಕಬೇಕು. ನಾನು ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿದ್ದೆ. ತಲೆ ಸೊಟ್ಟಗಾಯಿತು, ಮತ್ತೆ ಸರಿಯಾಗಲೇ ಇಲ್ಲ. ಎಳೆದ ದಾರ ಜಾರದಂತೆ ತೂತಿಗೆ ದಬ್ಬಣ ಸಿಕ್ಕಿಸಿ ಮುಂದಿನದನ್ನು ಎಳೆಯುತ್ತೇವೆ. ಅಡ್ಡ ಎಳೆ ಒಂದರ ಮೇಲೆ, ಒಂದರ ಕೆಳಗೆ. ಬುಟ್ಟಿಯ ಹೆಣಿಗೆಯೇ ಅಲ್ವಾ! ಅಕ್ಕ ಅದನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ನನಗೆ ಒಂದೂವರೆ ಗಂಟೆ ಬೇಕು.

ದೊಡ್ಡ ಕಷ್ಟ ಕೊಟ್ಟಿದ್ದು ಮಳೆಗಾಲ. ಮೊದಲ ವರ್ಷದ ಒಂಬತ್ತು ಬ್ಯಾಟಿನಲ್ಲಿ ಐದು ತಿರುಚಿಕೊಂಡವು. ಬೆತ್ತ ತೇವ ಎಳೆದುಕೊಂಡಿತ್ತು. ಆ ದಿನ ತುಂಬ ಬೇಜಾರಾಯಿತು, ಹಣ ಕೊಟ್ಟ ಮಕ್ಕಳಿಗೆ ಏನು ಹೇಳುವುದು? ಐದನ್ನೂ ಹೊಸದಾಗಿ ಮಾಡಿಕೊಟ್ಟೆವು. ಈಗ ದಾರ ಹಾಕುವ ಮೊದಲು ಎರಡು ಸಲ ವಾರ್ನಿಶ್ ಹೊಡೆಯುತ್ತೇವೆ, ತೂತಿನ ಒಳಗೂ. ಆಡದ ದಿನಗಳಲ್ಲಿ ಬ್ಯಾಟನ್ನು ಎರಡು ಹಲಗೆಗಳ ನಡುವೆ ಬಿಗಿದಿಡಲು ಹೇಳುತ್ತೇವೆ. ಮರದ ಬ್ಯಾಟಿನ ಕಾಲದಲ್ಲಿ ಆಟಗಾರರು ಹೀಗೇ ಮಾಡುತ್ತಿದ್ದರು.

ಒಂದಕ್ಕೆ 130 ರೂಪಾಯಿ ಖರ್ಚು, 180ಕ್ಕೆ ಕೊಡುತ್ತೇವೆ. ಉಳಿದದ್ದರಲ್ಲಿ ಅಕ್ಕನಿಗೆ ಅರ್ಧ. ಕೂಲಿ ಲೆಕ್ಕ ಹಾಕಿದರೆ ಕಡಿಮೆಯೇ. ಭಾರವೂ ಜಾಸ್ತಿ, 170 ಗ್ರಾಂ. ಈಗಿನ ಕಾರ್ಬನ್ ಬ್ಯಾಟ್ 80–90 ಗ್ರಾಂ ಇರುತ್ತದೆ. ಜೋರಾಗಿ ಸ್ಮ್ಯಾಶ್ ಹೊಡೆಯುವ ದೊಡ್ಡವರಿಗೆ ನಮ್ಮದು ಬೇಡ ಅಂತ ಮೊದಲೇ ಹೇಳುತ್ತೇನೆ.

ಭಾರ ಇಳಿಸಲು ಸಲಾಕೆಯ ಬದಲು ಬಿದಿರು ಹಾಕಿ ಎರಡು ಮಾಡಿದ್ದೇವೆ. ಈ ಮಳೆಗಾಲ ಪೂರ್ತಿ ಅವು ಅಟ್ಟದಲ್ಲಿರುತ್ತವೆ. ತಿರುಚದಿದ್ದರೆ ಕೊಯ್ಲಿನ ಹೊತ್ತಿಗೆ ಮಕ್ಕಳ ಕೈಗೆ.